ತೂಕ ಬರುವವರೆಗೆ ಕಾಯಬೇಡಿ: ನಾಲ್ಕು ತಿಂಗಳ ಮಗುವಿನ ಹೃದಯದ ಬಗ್ಗೆ ಒಬ್ಬ ಅಜ್ಜನಿಗೆ ಉತ್ತರ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವನು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ. ನನ್ನ ಮಗಳ ಚೊಚ್ಚಲ ಗಂಡು ಮಗುವಿಗೆ ಈಗ ನಾಲ್ಕು ತಿಂಗಳು. ಹುಟ್ಟಿದಾಗ ಮೂರು ಕೆ.ಜಿ. ಇತ್ತು, ಚೆನ್ನಾಗಿತ್ತು. ಎರಡು ತಿಂಗಳು ತುಂಬುವ ಹೊತ್ತಿಗೆ ಮೊಲೆ ಹಿಡಿದ ಎರಡೇ ನಿಮಿಷಕ್ಕೆ ಬಿಡತೊಡಗಿತು. ಹಣೆಯಲ್ಲಿ ಬೆವರು, ಮುಖ ಬಿಳಿಚಿಕೊಂಡು ಒಂದೇ ಸಮನೆ ಚೀರಾಟ. ಹೊಟ್ಟೆ ಉಬ್ಬರವೆಂದು ಗ್ರೈಪ್ ವಾಟರ್ ಕೊಟ್ಟೆವು. ಏದುಸಿರು ಶುರುವಾದಾಗ ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರಿಸಿಕೊಂಡರು. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡಿತು, ಹೃದಯದ ಸ್ನಾಯುವೇ ದುರ್ಬಲ, ಔಷಧಿಯಲ್ಲೇ ಇರಬೇಕು ಎಂದರು. ಬೆಂಗಳೂರಿಗೆ ಹೋದೆವು. ಅಲ್ಲಿ ಎಕೋ (ಹೃದಯದ ಸ್ಕ್ಯಾನ್), ಸಿಟಿ ಸ್ಕ್ಯಾನ್ ಮಾಡಿ, ಎಡ ಕರೋನರಿ ರಕ್ತನಾಳ ತಪ್ಪು ಜಾಗದಲ್ಲಿ ಹುಟ್ಟಿದೆ, ಇದಕ್ಕೆ ಅಲ್ಕಾಪಾ ಎನ್ನುತ್ತಾರೆ, ಈ ವಾರದಲ್ಲೇ ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು. ಹೃದಯದ ಪಂಪಿಂಗ್, ಅಂದರೆ ಒಂದು ಬಡಿತಕ್ಕೆ ಅದು ಹೊರತಳ್ಳುವ ರಕ್ತದ ಪಾಲು, ಶೇ 22 ಮಾತ್ರವಂತೆ. ಮಗುವಿನ ತೂಕ 4.6 ಕೆ.ಜಿ. ಇಷ್ಟು ಸಣ್ಣ ಕೂಸು ತಡೆದೀತೇ ಎಂಬ ಭಯಕ್ಕೆ ವಿಚಾರ ಮಾಡಿ ಬರುತ್ತೇವೆಂದು ಹೇಳಿ ಊರಿಗೆ ವಾಪಸು ಬಂದಿದ್ದೇವೆ. ಒಂದು ವರ್ಷ ತುಂಬಿ ತೂಕ ಬಂದ ಮೇಲೆ ಮಾಡಿಸಿದರೆ ಆಗದೇ? ಪಕ್ಕದ ಮನೆಯವರಿಗೆ ಹಾಕಿದಂತೆ ಸ್ಟೆಂಟ್ ಹಾಕಲು ಬರುವುದಿಲ್ಲವೇ? ಮಗಳನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದೇವೆ, ಅದರಿಂದ ಹೀಗಾಯಿತೇ? ಬಸಿರಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೆಂದು ನೆಂಟರು ಅನ್ನುತ್ತಿದ್ದಾರೆ, ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ಎರಡು ಎಕರೆ ಮಾರಲು ಸಿದ್ಧನಿದ್ದೇನೆ, ಆದರೆ ಮಗು ಉಳಿಯುತ್ತದೆಯೇ? ಐದನೇ ತಿಂಗಳಲ್ಲಿ ಜವಳ ತೆಗೆಸಬೇಕೆಂದಿದ್ದೆವು, ಅದನ್ನು ಮುಗಿಸಿಕೊಂಡು ಹೋಗಬಹುದೇ?

ಉತ್ತರ: ಹಿರಿಯರೇ, ನಿಮ್ಮ ಪತ್ರ ಓದಿದ ಕೂಡಲೇ ದೂರವಾಣಿಯಲ್ಲಿ ಹೇಳಿದ ಮಾತನ್ನೇ ಇಲ್ಲಿ ಮೊದಲು ಬರೆಯುತ್ತೇನೆ. ಕಾಯಬೇಡಿ, ಹೊರಡಿ. ಮರುದಿನವೇ ಮಗುವನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದೀರೆಂದು ನಿಮ್ಮ ಅಳಿಯ ತಿಳಿಸಿದರು. ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಆವತ್ತು ಅವಸರದಲ್ಲಿ ಹೇಳಲಾಗದೆ ಉಳಿದದ್ದನ್ನು, ಪತ್ರದಲ್ಲಿಲ್ಲದೆ ನೀವೂ ನಿಮ್ಮ ಅಳಿಯನೂ ದೂರವಾಣಿಯಲ್ಲಿ ಕೇಳಿದ್ದಕ್ಕೂ ಉತ್ತರ ಸೇರಿಸಿ, ಈಗ ಬಿಡಿಸಿ ಬರೆಯುತ್ತಿದ್ದೇನೆ. ಇಂಥದೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ ಇನ್ನೊಂದು ಮನೆಯವರಿಗೂ ಇದು ಬೇಕಾಗಬಹುದು.

ನಿಮ್ಮ ಪ್ರಶ್ನೆಗಳು ಹಲವಿದ್ದರೂ ಎಲ್ಲದರ ಅಡಿಯಲ್ಲಿರುವ ಅಂಜಿಕೆ ಒಂದೇ. ಕೈಯಾರೆ ಕೂಸನ್ನು ಕತ್ತಿಯ ಬಾಯಿಗೆ ಕೊಟ್ಟು ಕಳೆದುಕೊಂಡೇವೋ ಎಂಬುದು. ಆಪರೇಷನ್ ಎಂದರೆ ಅಪಾಯ, ಮನೆಯಲ್ಲಿ ಮಡಿಲಲ್ಲಿಟ್ಟುಕೊಂಡರೆ ಸುರಕ್ಷಿತ ಎಂದು ಮನಸ್ಸು ಹೇಳುತ್ತದೆ. ಬೇರೆ ಹಲವು ಕಾಯಿಲೆಗಳಲ್ಲಿ ಆ ಮಾತು ಸರಿಯಿರಬಹುದು. ಈ ಒಂದರಲ್ಲಿ ಅದು ತಿರುವುಮುರುವು. ಏಕೆಂಬುದನ್ನು ತಿಳಿಯಲು ಮಗುವಿನ ಎದೆಯೊಳಗೆ ಏನಾಗಿದೆ ಎಂಬುದನ್ನು ನೋಡಬೇಕು. ನೀವು ಕಾಲುವೆಯ ಕೊನೆಭಾಗದ ರೈತರು, ನಿಮಗೆ ಇದು ಬೇರೆಯವರಿಗಿಂತ ಬೇಗ ತಿಳಿಯುತ್ತದೆ.

ಹೃದಯ ಮೈಗೆಲ್ಲ ರಕ್ತ ಕಳಿಸುವ ಪಂಪು. ಆದರೆ ತನ್ನೊಳಗೆ ತುಂಬಿರುವ ರಕ್ತದಿಂದ ಅದರ ದಪ್ಪ ಸ್ನಾಯುವಿನ ಹೊಟ್ಟೆ ತುಂಬುವುದಿಲ್ಲ. ಅದಕ್ಕೂ ಬೇರೆ ನಾಳಗಳು ಬೇಕು. ಬಲ ಮತ್ತು ಎಡ ಕರೋನರಿಗಳೆಂದರೆ ಅವೇ. ಎರಡೂ ಮಹಾಪಧಮನಿಯ ಬುಡದಲ್ಲಿ ಹುಟ್ಟಬೇಕು. ಮಹಾಪಧಮನಿಯನ್ನು ಮುಖ್ಯ ಕಾಲುವೆ ಎಂದುಕೊಳ್ಳಿ. ಅಲ್ಲಿ ನೀರು ಶುದ್ಧ, ಮಟ್ಟವೂ ಎತ್ತರ. ನಿಮ್ಮ ಮೊಮ್ಮಗನಲ್ಲಿ ಬಲ ಕರೋನರಿ ಮುಖ್ಯ ಕಾಲುವೆಯಿಂದಲೇ ಬಂದಿದೆ. ಎಡ ಕರೋನರಿಯ ಬಾಯಿ ಮಾತ್ರ ತಪ್ಪಿ ಪಕ್ಕದ ಶ್ವಾಸಕೋಶದ ಅಪಧಮನಿಗೆ ಸೇರಿಕೊಂಡಿದೆ. ಮೈಯೆಲ್ಲ ಸುತ್ತಿ ಬಂದ, ಆಮ್ಲಜನಕ ಕಡಿಮೆಯಾದ ರಕ್ತ ಹರಿಯುವ ಹಳ್ಳ ಅದು.

ಹಾಗಾದರೆ ಹುಟ್ಟಿದಾಗ ಚೆನ್ನಾಗಿತ್ತಲ್ಲ ಎಂದು ಕೇಳಿದ್ದೀರಿ. ನಿಜ, ಚೆನ್ನಾಗಿಯೇ ಇತ್ತು. ಗರ್ಭದಲ್ಲಿ ಮಗು ಉಸಿರಾಡುವುದಿಲ್ಲ, ಶ್ವಾಸಕೋಶ ಮುಚ್ಚಿಕೊಂಡಿರುತ್ತದೆ. ಆಗ ಹಳ್ಳವೂ ಕಾಲುವೆಯ ಸಮಕ್ಕೆ ತುಂಬಿರುತ್ತದೆ, ಎರಡರ ರಕ್ತದಲ್ಲೂ ಆಮ್ಲಜನಕ ಹೆಚ್ಚುಕಡಿಮೆ ಅಷ್ಟೇ. ಎಡ ಕರೋನರಿಗೆ ಕೊರತೆಯೇ ಇಲ್ಲ. ಮಗು ಹುಟ್ಟಿ ಉಸಿರಾಡತೊಡಗಿದ ಮೇಲೆ ಶ್ವಾಸಕೋಶದ ಕಡೆಯ ಒತ್ತಡ ವಾರದಿಂದ ವಾರಕ್ಕೆ ಇಳಿಯುತ್ತದೆ. ಇದು ಎಲ್ಲ ಮಕ್ಕಳಲ್ಲೂ ಆಗುವ ಒಳ್ಳೆಯ ಬದಲಾವಣೆ. ಆದರೆ ನಿಮ್ಮ ಮಗುವಿನ ಹಳ್ಳದ ಮಟ್ಟ ಇಳಿದಂತೆ ಎಡಗಾಲುವೆಗೆ ನೀರು ಏರುವುದು ನಿಂತಿತು. ಆರರಿಂದ ಎಂಟು ವಾರದ ಹೊತ್ತಿಗೆ ಬೆವರು, ಚೀರಾಟ ಶುರುವಾದದ್ದು ಅದಕ್ಕೇ.

ಇಷ್ಟಕ್ಕೇ ಮುಗಿದಿದ್ದರೆ ಅರ್ಧ ಕಷ್ಟ. ಬಲ ಕರೋನರಿಯಿಂದ ಸಣ್ಣ ಸಣ್ಣ ಕವಲುಗಳು ಹೊಲದ ಅಡಿಯಲ್ಲೇ ಜಿನುಗಿ ಎಡಭಾಗಕ್ಕೆ ರಕ್ತ ತರಲು ನೋಡುತ್ತವೆ. ಹಾಗೆ ಬಂದ ಒಳ್ಳೆಯ ರಕ್ತ ಸ್ನಾಯುವಿನಲ್ಲಿ ನಿಲ್ಲುವುದಿಲ್ಲ. ಎಡ ಕರೋನರಿಯ ತುದಿ ತಗ್ಗಿನ ಹಳ್ಳಕ್ಕೆ ತೆರೆದುಕೊಂಡಿದೆಯಲ್ಲ, ಅದೇ ದಾರಿ ಹಿಡಿದು ಹಿಮ್ಮುಖವಾಗಿ ಹರಿದುಹೋಗುತ್ತದೆ. ಕಾಲುವೆಯಾಗಬೇಕಿದ್ದದ್ದು ಬಸಿಗಾಲುವೆಯಾಯಿತು. ನೀರು ಕೊಡುವುದಿಲ್ಲ, ಬಂದ ನೀರನ್ನೂ ಬಸಿದುಕೊಂಡು ಹೋಗುತ್ತದೆ.

ಮಗುವಿಗೆ ಮೊಲೆ ಚೀಪುವುದೇ ದೊಡ್ಡ ದುಡಿಮೆ. ನಮಗೆ ಗುಡ್ಡ ಹತ್ತಿದಷ್ಟು ಅದಕ್ಕೆ ಅದು. ಆ ಹೊತ್ತಿನಲ್ಲಿ ಹೃದಯಕ್ಕೆ ಹೆಚ್ಚು ರಕ್ತ ಬೇಕು, ಸಿಗುವುದಿಲ್ಲ, ಎದೆ ನೋಯುತ್ತದೆ. ದೊಡ್ಡವರಿಗೆ ಹೃದಯಾಘಾತದ ಮುಂಚೆ ಬರುವಂಥದೇ ನೋವು. ಹೇಳಲು ಬಾಯಿಲ್ಲದ ಕೂಸು ಬೆವರಿ, ಬಿಳಿಚಿ, ಚೀರುತ್ತದೆ. 1933ರಲ್ಲಿ ಅಮೆರಿಕದ ಬಾಸ್ಟನ್ನಿನ ಬ್ಲ್ಯಾಂಡ್, ವೈಟ್ ಮತ್ತು ಗಾರ್ಲ್ಯಾಂಡ್ ಎಂಬ ಮೂವರು ವೈದ್ಯರು ಮೂರು ತಿಂಗಳ ಮಗುವೊಂದರಲ್ಲಿ ಇದನ್ನೇ ಕಂಡು, ಇಸಿಜಿಯ ಸಮೇತ ವರದಿ ಮಾಡಿದರು. ಇವತ್ತಿಗೂ ಈ ಕಾಯಿಲೆಗೆ ಆ ಮೂವರ ಹೆಸರಿದೆ. ಅವರು ಬರೆದದ್ದನ್ನೂ ನಿಮ್ಮ ಪತ್ರವನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಮಗುವಿನ ಕಥೆ ಎನಿಸುತ್ತದೆ. ಹಾಲಿಗೆ ಹಾಕಿದಾಗಲೇ ಸಂಕಟ, ಬೆವರು, ಬಿಳಿಚಿದ ಮುಖ. ಆ ಮಗುವಿಗೆ ಮಾಡಬಹುದಾದದ್ದು ಆಗ ಏನೂ ಇರಲಿಲ್ಲ. ನಿಮ್ಮ ಮೊಮ್ಮಗನಿಗೆ ಇದೆ.

ಈಗ ತಪ್ಪು ತಿಳಿವಳಿಕೆಗಳ ವಿಷಯ. ನಿಮ್ಮ ಮಗಳದ್ದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದಕ್ಕೆ ಇವತ್ತೇ ಔಷಧಿ ಬೇಕು. ಹೃದಯವೂ ಅದರ ರಕ್ತನಾಳಗಳೂ ರೂಪುಗೊಳ್ಳುವುದು ಬಸಿರಿನ ಮೊದಲ ಎರಡು ತಿಂಗಳಲ್ಲಿ. ಎಷ್ಟೋ ಹೆಂಗಸರಿಗೆ ತಾವು ಬಸಿರಿ ಎಂದು ಖಾತ್ರಿಯಾಗುವುದರೊಳಗೆ ಆ ಕೆಲಸ ಬಹುಪಾಲು ನಡೆದುಹೋಗಿರುತ್ತದೆ. ಕರೋನರಿಯ ಮೊಳಕೆ ಮಹಾಪಧಮನಿಯ ಬದಲು ಪಕ್ಕದ ನಾಳಕ್ಕೆ ಕೂಡಿಕೊಂಡಿತು, ಅಷ್ಟೇ. ಗ್ರಹಣಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅವಳು ತಿಂದದ್ದು, ನಡೆದದ್ದು, ಎತ್ತಿದ ಕೊಡ, ಮಲಗಿದ ಮಗ್ಗುಲು, ಯಾವುದೂ ಕಾರಣವಲ್ಲ. ಅವಳನ್ನು ಕೂರಿಸಿಕೊಂಡು ನೀವೇ ಈ ಮಾತು ಹೇಳಿ. ವೈದ್ಯರು ಹೇಳುವುದಕ್ಕಿಂತ ಅಪ್ಪ ಹೇಳಿದರೆ ನೆಂಟರ ಮಾತಿಗೆ ಬೇಗ ತೆರೆ ಬೀಳುತ್ತದೆ. ಅವಳು ಉಣ್ಣಬೇಕು, ಆಪರೇಷನ್ ಆದ ಮೇಲೆ ಮಗುವಿಗೆ ಬೇಕಾಗುವುದು ಅವಳ ಹಾಲೇ.

ಸೋದರಮಾವನ ಮದುವೆಯ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ರಕ್ತಸಂಬಂಧದ ಮದುವೆಯಿಂದ ಕೆಲವು ಆನುವಂಶಿಕ ಕಾಯಿಲೆಗಳು ಹೆಚ್ಚುವುದು ನಿಜ, ಮುಂದಿನ ಪೀಳಿಗೆಗೆ ಈ ಪದ್ಧತಿ ಬೇಡ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಅಲ್ಕಾಪಾ ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವ ದೋಷವಲ್ಲ, ಒಂಟಿಯಾಗಿ, ಎಲ್ಲೋ ಒಂದು ಮಗುವಿನಲ್ಲಿ ಕಾಣಿಸಿಕೊಳ್ಳುವಂಥದು. ಸುಮಾರು ಮೂರು ಲಕ್ಷ ಹೆರಿಗೆಗಳಿಗೆ ಒಂದು ಎಂಬ ಲೆಕ್ಕವಿದೆ. ಹಾಗಾಗಿ ನಿಮ್ಮ ಮಗಳಿಗೆ ಮುಂದೆ ಹುಟ್ಟುವ ಮಗುವಿಗೂ ಇದೇ ಬರುವ ಸಂಭವ ತೀರಾ ಕಡಿಮೆ. ಮುಂದಿನ ಬಸಿರಿನಲ್ಲಿ ಐದನೇ ತಿಂಗಳ ಹೊತ್ತಿಗೆ ಭ್ರೂಣದ ಹೃದಯದ ಎಕೋ ಮಾಡಿಸಿ, ಉಳಿದ ಹೃದಯದೋಷಗಳು ಅದರಲ್ಲಿ ಗೊತ್ತಾಗುತ್ತವೆ. ಆದರೆ ಅಲ್ಕಾಪಾ ಭ್ರೂಣದಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಏಕೆಂದು ಮೇಲೆ ಹೇಳಿದೆನಲ್ಲ, ಆಗ ಹಳ್ಳವೂ ತುಂಬಿರುತ್ತದೆ. ಹುಟ್ಟಿದ ಮೇಲೆ ಮತ್ತೊಂದು ಎಕೋ ಮಾಡಿಸಿದರೆ ನಿಶ್ಚಿಂತೆ.

ಮಗು ನೀಲಿಯಾಗಲಿಲ್ಲ, ಹಾಗಾಗಿ ಹೃದಯದ ಕಾಯಿಲೆ ಇರಲಾರದು ಎಂದು ಯಾರೋ ಹೇಳಿದ್ದನ್ನು ನೀವು ನಂಬಿದ್ದಿರಿ. ಈ ಮಕ್ಕಳು ನೀಲಿಯಾಗುವುದಿಲ್ಲ. ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ಪೂ ಚೆನ್ನಾಗಿಯೇ ತೋರಿಸುತ್ತದೆ. ಸ್ಟೆತೊಸ್ಕೋಪಿಗೆ ಸದ್ದು ಕೇಳಬೇಕೆಂದೂ ಇಲ್ಲ. ಹೀಗಾಗಿ ಗ್ರೈಪ್ ವಾಟರ್ ಕೊಟ್ಟ ನಿಮ್ಮ ಮೇಲೆ ನೀವೇ ಸಿಟ್ಟಾಗಬೇಡಿ. ಹೊಟ್ಟೆ ಉಬ್ಬರದ ಅಳು ಎಲ್ಲ ಮನೆಗಳಲ್ಲೂ ಇದೆ. ಒಂದು ವ್ಯತ್ಯಾಸ ಮಾತ್ರ ಎಲ್ಲ ತಾಯಂದಿರಿಗೂ ಗೊತ್ತಿರಲಿ. ಉಬ್ಬರದ ಮಗು ಸಂಜೆ ಚೀರಿದರೂ ಉಳಿದ ಹೊತ್ತು ಗಟ್ಟಿಯಾಗಿ ಹಾಲು ಕುಡಿಯುತ್ತದೆ, ತೂಕ ಏರುತ್ತದೆ. ಹಾಲು ಕುಡಿಯುವಾಗಲೇ ಬೆವರುವ, ಉಸಿರಿಗಾಗಿ ಬಿಟ್ಟು ಬಿಟ್ಟು ಕುಡಿಯುವ, ತೂಕ ನಿಂತುಹೋದ ಮಗುವಿಗೆ ಉಬ್ಬರದ ಹೆಸರಿಟ್ಟು ಸುಮ್ಮನಾಗಬಾರದು. ನಿಮ್ಮ ಕಡೆ ಇಂಥ ಮಕ್ಕಳ ಹೊಟ್ಟೆಯ ಮೇಲೆ ಬರೆ ಹಾಕುವವರು ಇನ್ನೂ ಇದ್ದಾರೆ. ಬರೆಯ ಗುರುತು ಹೊತ್ತು ನನ್ನ ಆಪರೇಷನ್ ಮೇಜಿಗೆ ಬಂದ ಮಕ್ಕಳನ್ನು ನೋಡಿದ್ದೇನೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ.

ನನ್ನ ವೃತ್ತಿಯವರಿಗೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಡೈಲೇಟೆಡ್ ಕಾರ್ಡಿಯೋಮಯೋಪತಿ, ಅಂದರೆ ಸ್ನಾಯುವೇ ದುರ್ಬಲವಾಗಿ ಹಿಗ್ಗಿದ ಹೃದಯ, ಎಂಬ ಚೀಟಿ ಹಿಡಿದು ಬರುವ ಪ್ರತಿ ಹಸುಗೂಸಿನಲ್ಲೂ ಎರಡು ಕರೋನರಿಗಳು ಎಲ್ಲಿಂದ ಹುಟ್ಟಿವೆ ಎಂದು ಕಣ್ಣಾರೆ ನೋಡುವವರೆಗೆ ಆ ಹೆಸರನ್ನು ಬರೆಯಬಾರದು. ಇಸಿಜಿ ಅಗ್ಗದ ಪರೀಕ್ಷೆ, ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ. ಮೊದಲನೇ ಲೀಡ್, ಎವಿಎಲ್ ಮತ್ತು ಎದೆಯ ಎಡಗಡೆಯ ಲೀಡುಗಳಲ್ಲಿ, ಅಂದರೆ ಹೃದಯದ ಎಡಭಾಗವನ್ನು ತೋರಿಸುವ ಇಸಿಜಿ ಗೆರೆಗಳಲ್ಲಿ, ಆಳವಾದ ಕ್ಯೂ ಅಲೆಗಳಿದ್ದರೆ (ಗೆರೆ ಮೊದಲು ಕೆಳಗಿಳಿಯುವ ತಗ್ಗು) ಅಲ್ಕಾಪಾ ನೆನಪಾಗಬೇಕು. ಎಕೋದಲ್ಲಿ ಬಲ ಕರೋನರಿ ಅಗತ್ಯಕ್ಕಿಂತ ದಪ್ಪಗಿದ್ದರೆ, ಎಡ ಕರೋನರಿಯಲ್ಲಿ ರಕ್ತ ಹಿಂದಕ್ಕೆ ಹರಿಯುತ್ತಿದ್ದರೆ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಹಿಡಿದಿಡುವ ಸ್ನಾಯುಗಳು ಬೆಳ್ಳಗೆ ಹೊಳೆಯುತ್ತಿದ್ದರೆ ಸಂಶಯ ಗಟ್ಟಿಯಾಗುತ್ತದೆ. ಸಿಟಿ ಆಂಜಿಯೋಗ್ರಾಂ ಅದನ್ನು ಖಾತ್ರಿ ಮಾಡುತ್ತದೆ. ನಿಮ್ಮ ಮಗುವಿಗೆ ಎರಡನೇ ಅಭಿಪ್ರಾಯ ಕೇಳಿದ್ದೀರಲ್ಲ, ಅದೇ ಆ ಮಗುವಿನ ಬದುಕಿನ ದೊಡ್ಡ ತಿರುವು. ಸ್ನಾಯು ದುರ್ಬಲವಾಗಿರುವುದು ನಿಜವೇ. ಆದರೆ ಅದು ಹುಟ್ಟಾ ದುರ್ಬಲವಲ್ಲ, ಹಸಿದು ಸೋತದ್ದು. ನಮಗೆ ಧೈರ್ಯ ಕೊಡುವುದು ಈ ವ್ಯತ್ಯಾಸವೇ.

ಬಹಳ ದಿನ ರಕ್ತ ಸಾಲದ ಸ್ನಾಯು ಒಮ್ಮೆಗೇ ಸಾಯುವುದಿಲ್ಲ. ಬದುಕಿ ಉಳಿಯುವಷ್ಟು ಮಾತ್ರ ಉಸಿರು ಹಿಡಿದುಕೊಂಡು, ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ನೀರಿಲ್ಲದೆ ಎಲೆ ಮುದುರಿಕೊಂಡ ಬೆಳೆಯನ್ನು ನೀವು ಎಷ್ಟು ಸಲ ನೋಡಿಲ್ಲ? ಒಣಗಿದ್ದು ಬೇರೆ, ಬಾಡಿದ್ದು ಬೇರೆ. ಪಂಪಿಂಗ್ ಶೇ 22ಕ್ಕೆ ಇಳಿದಿರುವುದು ಬಹುಪಾಲು ಬಾಡಿದ ಸ್ನಾಯುವಿನಿಂದ. ರಕ್ತ ಬಿಟ್ಟರೆ ಅದು ಏಳುತ್ತದೆ. ಹಸುಗೂಸುಗಳ ಹೃದಯಕ್ಕೆ ಈ ಶಕ್ತಿ ದೊಡ್ಡವರಿಗಿಂತ ಹೆಚ್ಚು. ಪಂಪಿಂಗ್ ಇಷ್ಟು ಕಡಿಮೆ ಇರುವಾಗ ಆಪರೇಷನ್ ಮಾಡುವಂತಿಲ್ಲ ಎಂದು ಯಾರಾದರೂ ಹೇಳಿದರೆ, ಈ ಕಾಯಿಲೆಯ ಮಟ್ಟಿಗೆ ಆ ಮಾತು ಸರಿಯಲ್ಲ. ಕಡಿಮೆ ಪಂಪಿಂಗ್ ಅಪಾಯವನ್ನು ಹೆಚ್ಚಿಸುತ್ತದೆ, ಆಪರೇಷನ್ ಬೇಡವೆನ್ನಲು ಅದು ಕಾರಣವಾಗುವುದಿಲ್ಲ. ಹೃದಯ ಬದಲಿಸಬೇಕಾದೀತು ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿದೆ. ಅಲ್ಕಾಪಾದಲ್ಲಿ ಅದರ ಅಗತ್ಯ ಬೀಳುವುದು ಬಹಳ ಅಪರೂಪ.

ತೂಕ ಬರಲಿ ಎಂದು ಕಾಯುವುದರ ತೊಂದರೆ ಈಗ ನಿಮಗೇ ಕಂಡಿರಬಹುದು. ಮಗು ತೂಕ ಏರದಿರುವುದಕ್ಕೆ ಕಾರಣವೇ ಹೃದಯ. ಅದನ್ನು ಸರಿಪಡಿಸದೆ ತೂಕ ಬರುವುದಿಲ್ಲ, ತೂಕ ಬಾರದೆ ಸರಿಪಡಿಸುವುದಿಲ್ಲ ಎಂದರೆ ಆ ಕೂಸಿಗೆ ದಾರಿಯೇ ಉಳಿಯುವುದಿಲ್ಲ. ಕಾಯುವ ಒಂದೊಂದು ವಾರದಲ್ಲೂ ಬಾಡಿದ ಸ್ನಾಯುವಿನ ಒಂದಿಷ್ಟು ಭಾಗ ನಿಜವಾಗಿ ಸತ್ತು ಗಾಯದ ಕಲೆಯಾಗುತ್ತದೆ. ಅದು ಮತ್ತೆ ಏಳುವುದಿಲ್ಲ. ಹೀಗೆ ಕಾಣಿಸಿಕೊಂಡ ಅಲ್ಕಾಪಾಕ್ಕೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ. ಈ ಅಂಕಿಯನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೆ ನಿಮ್ಮಿಂದ ಮುಚ್ಚಿಟ್ಟರೆ ದ್ರೋಹವಾಗುತ್ತದೆ. ಇದೇ ದೋಷವಿದ್ದೂ ನಲವತ್ತು ವರ್ಷ ಬದುಕಿದವರ ಸುದ್ದಿ ನಿಮ್ಮ ಪರಿಚಯದವರು ಹೇಳಿದ್ದು ಸುಳ್ಳಲ್ಲ. ಬಲ ಕರೋನರಿಯ ಕವಲುಗಳು ಬೇಗನೆ ದಪ್ಪವಾಗಿ ಬೆಳೆದ ಕೆಲವರು ಹಾಗೆ ದೊಡ್ಡವರಾಗುತ್ತಾರೆ, ಅವರಲ್ಲೂ ಹಠಾತ್ ಸಾವಿನ ಭಯ ತಪ್ಪಿದ್ದಲ್ಲ. ನಾಲ್ಕು ತಿಂಗಳಿಗೇ ಶೇ 22ಕ್ಕೆ ಇಳಿದ ನಿಮ್ಮ ಮಗು ಆ ಗುಂಪಿನದಲ್ಲ.

ಇನ್ನು ದಾರಿಗಳು. ಔಷಧಿ ಮಾತ್ರದಿಂದ ಇದು ಗುಣವಾಗುವುದಿಲ್ಲ. ಮೂತ್ರ ಹೆಚ್ಚಿಸುವ ಔಷಧಿ, ಹೃದಯಕ್ಕೆ ಬಲ ಕೊಡುವ ಔಷಧಿ ಎಲ್ಲವೂ ಮೇಜಿಗೆ ಹೋಗುವವರೆಗೆ ಮಗುವನ್ನು ಹಿಡಿದಿಡಲು. ಸ್ಟೆಂಟ್ ಕಟ್ಟಿಕೊಂಡ ನಾಳವನ್ನು ತೆರೆಯುತ್ತದೆ. ನಿಮ್ಮ ಮಗುವಿನ ನಾಳ ಕಟ್ಟಿಕೊಂಡಿಲ್ಲ, ಬೇರೆ ಕಡೆ ಕೂಡಿಕೊಂಡಿದೆ. ಒಳಗಿನಿಂದ ತಂತಿ ಹಾಕಿ ಅದನ್ನು ಕಿತ್ತು ಇನ್ನೊಂದು ಕಡೆ ಹೊಲಿಯಲು ಬರುವುದಿಲ್ಲ.

ಮೊದಮೊದಲು ಶಸ್ತ್ರಚಿಕಿತ್ಸಕರು ಮಾಡುತ್ತಿದ್ದುದು ಬಸಿಗಾಲುವೆಗೆ ಒಡ್ಡು ಹಾಕುವ ಕೆಲಸ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡೇವಿಡ್ ಸಬಿಸ್ಟನ್, ಕ್ಯಾಥರೀನ್ ನೀಲ್ ಮತ್ತು ಹೆಲೆನ್ ಟಾಸಿಗ್ ಅವರು 1960ರಲ್ಲಿ ಪ್ರಕಟಿಸಿದ ವರದಿ ಎಡ ಕರೋನರಿಯಲ್ಲಿ ರಕ್ತ ಹಿಂದಕ್ಕೆ ಹರಿಯುತ್ತದೆ ಎಂಬುದನ್ನು ಆಪರೇಷನ್ ಮೇಜಿನ ಮೇಲೆಯೇ ತೋರಿಸಿಕೊಟ್ಟಿತು. ನಾಳದ ಬುಡವನ್ನು ಕಟ್ಟಿಬಿಟ್ಟರೆ ಸೋರಿಕೆ ನಿಂತು ಬಲಗಡೆಯಿಂದ ಬಂದ ರಕ್ತ ಸ್ನಾಯುವಿನಲ್ಲೇ ಉಳಿಯುತ್ತದೆ. ಕೆಲವು ಮಕ್ಕಳು ಬದುಕಿದರು. ಆದರೆ ಇಡೀ ಹೃದಯ ಒಂದೇ ಕರೋನರಿಯನ್ನು ನಂಬಿ ಬದುಕಬೇಕು, ಮುಂದೆ ಅದು ಸಾಲದು. ಕಾಲಿನ ರಕ್ತನಾಳ ತಂದು ಬೈಪಾಸ್ ಮಾಡಿ ನೋಡಿದರು, ಹಸುಗೂಸಿನಲ್ಲಿ ಅಂಥ ನಾಳ ಬೇಗ ಮುಚ್ಚಿಹೋಗುತ್ತಿತ್ತು. 1970ರ ದಶಕದಲ್ಲಿ ಎಡ ಕರೋನರಿಯನ್ನು ಬುಡಸಮೇತ ಕಿತ್ತು ಮಹಾಪಧಮನಿಗೇ ನೆಡುವ ವಿಧಾನ ಬಂತು. ಇವತ್ತು ಜಗತ್ತಿನಲ್ಲೆಲ್ಲ ಮೊದಲ ಆಯ್ಕೆ ಅದೇ. ನಿಮ್ಮ ಮಗುವಿಗೆ ಹೇಳಿರುವುದೂ ಅದನ್ನೇ.

ಅದನ್ನು ಹೇಗೆ ಮಾಡುತ್ತಾರೆಂದು ತಿಳಿದರೆ ಭಯ ಸ್ವಲ್ಪ ಇಳಿಯಬಹುದು. ಎದೆಯ ನಡುಮೂಳೆಯನ್ನು ತೆರೆದು ಮಗುವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ಜೋಡಿಸುತ್ತೇವೆ. ಹೃದಯ, ಶ್ವಾಸಕೋಶಗಳ ಕೆಲಸವನ್ನು ಯಂತ್ರ ನೋಡಿಕೊಳ್ಳುತ್ತದೆ. ಯಂತ್ರ ಓಡತೊಡಗಿದ ಕೂಡಲೇ ಶ್ವಾಸಕೋಶಕ್ಕೆ ಹೋಗುವ ಎರಡೂ ಕವಲುಗಳನ್ನು ಬಿಗಿಯುತ್ತೇವೆ, ಇಲ್ಲದಿದ್ದರೆ ಕರೋನರಿಯ ರಕ್ತವೆಲ್ಲ ಆ ಕಡೆಗೇ ಸೋರಿಹೋಗುತ್ತದೆ. ಹೃದಯವನ್ನು ತಣ್ಣಗೆ ನಿಲ್ಲಿಸುವ ದ್ರಾವಣವನ್ನೂ ಮಹಾಪಧಮನಿ, ಶ್ವಾಸಕೋಶದ ಅಪಧಮನಿ ಎರಡೂ ಕಡೆಯಿಂದ ಕೊಡಬೇಕು. ಈ ಸಣ್ಣ ಎಚ್ಚರ ತಪ್ಪಿದರೆ ಉಳಿದ ಕೆಲಸವೆಲ್ಲ ಕೆಡುತ್ತದೆ. ಆಮೇಲೆ ಎಡ ಕರೋನರಿಯ ಬಾಯಿಯನ್ನು ಸುತ್ತಲಿನ ಗೋಡೆಯ ಗುಂಡಿಯಷ್ಟು ತುಂಡಿನ ಜೊತೆ ಬಿಡಿಸಿಕೊಳ್ಳುತ್ತೇವೆ. ಬೇರಿನ ಮಣ್ಣು ಉದುರದಂತೆ ಸಸಿ ಕಿತ್ತ ಹಾಗೆ. ನಾಳದ ಅಗಲ ಒಂದೂವರೆಯಿಂದ ಎರಡು ಮಿಲಿಮೀಟರ್, ಹೊಲಿಯುವ ದಾರ ತಲೆಗೂದಲಿಗಿಂತ ಸಣ್ಣದು. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಮಾಡುವ ಕೆಲಸ. ಆ ಗುಂಡಿಯನ್ನು ಮಹಾಪಧಮನಿಯಲ್ಲಿ ಮಾಡಿದ ರಂಧ್ರಕ್ಕೆ ಹೊಲಿದು, ಕಿತ್ತ ಜಾಗಕ್ಕೆ ಹೃದಯದ ಹೊರಚೀಲದ ತೇಪೆ ಹಾಕುತ್ತೇವೆ. ನಾಳ ಎಳೆತಕ್ಕೆ ಸಿಗಬಾರದು, ಮಡಚಬಾರದು, ತಿರುಚಬಾರದು.

ಕೆಲವು ಮಕ್ಕಳಲ್ಲಿ ಎಡ ಕರೋನರಿ ಹುಟ್ಟಿದ ಜಾಗ ಮಹಾಪಧಮನಿಗೆ ಬಹಳ ದೂರವಿರುತ್ತದೆ. ಆಗ ಶ್ವಾಸಕೋಶದ ಅಪಧಮನಿಯ ಗೋಡೆಯನ್ನೇ ಸುರುಳಿ ಮಾಡಿ ನಾಳವನ್ನು ಉದ್ದಗೊಳಿಸುತ್ತೇವೆ. ಅದೂ ಆಗದಿದ್ದರೆ ಜಪಾನಿನ ತಾಕೆಉಚಿ 1979ರಲ್ಲಿ ವಿವರಿಸಿದಂತೆ ಆ ಅಪಧಮನಿಯ ಒಳಗೇ ಒಂದು ಸುರಂಗ ಕಟ್ಟಿ ಮಹಾಪಧಮನಿಯ ರಕ್ತವನ್ನು ಕರೋನರಿಗೆ ತಲುಪಿಸುತ್ತೇವೆ. ಈ ಸುರಂಗ ಮುಂದೆ ಸೋರಬಹುದು, ಶ್ವಾಸಕೋಶದ ದಾರಿಯನ್ನು ಇಕ್ಕಟ್ಟು ಮಾಡಬಹುದು. ಹಾಗಾಗಿ ಅದು ಎರಡನೆಯ ಆಯ್ಕೆ. ನಿಮ್ಮ ಸಿಟಿ ವರದಿಯಲ್ಲಿ ನಾಳದ ಬಾಯಿ ಮಹಾಪಧಮನಿಗೆ ಮುಖಮಾಡಿದೆ ಎಂದಿದೆ, ನೇರವಾಗಿ ನೆಡಲು ಅನುಕೂಲವಾದ ಜಾಗ ಅದು.

ಮೈಟ್ರಲ್ ಕವಾಟ ಬಹಳ ಸೋರುತ್ತಿದೆ, ಅದಕ್ಕೂ ಆಪರೇಷನ್ ಬೇಕೇ ಎಂದು ಅಳಿಯ ಕೇಳಿದ್ದರು. ಸಾಮಾನ್ಯವಾಗಿ ಈಗ ಬೇಡ. ಕವಾಟವನ್ನು ಹಿಡಿದಿಟ್ಟ ಸ್ನಾಯು ಹಸಿದು ಸಡಿಲಾದದ್ದರಿಂದ, ಹೃದಯ ಹಿಗ್ಗಿದ್ದರಿಂದ ಅದು ಸೋರುತ್ತಿದೆ. ರಕ್ತ ಬಂದ ಮೇಲೆ ಬಹುಪಾಲು ಮಕ್ಕಳಲ್ಲಿ ತಿಂಗಳುಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಸೋತ ಹೃದಯವನ್ನು ಕವಾಟದ ರಿಪೇರಿಗಾಗಿ ಇನ್ನಷ್ಟು ಹೊತ್ತು ನಿಲ್ಲಿಸುವುದಕ್ಕಿಂತ ಅದನ್ನು ಬಿಟ್ಟು ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ತೀರಾ ವಿಪರೀತ ಸೋರುವಾಗ ಬೇರೆ ಯೋಚಿಸುವ ಶಸ್ತ್ರಚಿಕಿತ್ಸಕರೂ ಇದ್ದಾರೆ.

ಮಗು ಉಳಿಯುತ್ತದೆಯೇ? ಅನುಭವವಿರುವ ಕೇಂದ್ರಗಳಲ್ಲಿ ನೂರು ಮಕ್ಕಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಈ ಆಪರೇಷನ್ ದಾಟಿ ಮನೆಗೆ ಹೋಗುತ್ತವೆ. ನಿಮ್ಮ ಮಗುವಿನ ಪಂಪಿಂಗ್ ಬಹಳ ಕಡಿಮೆ ಇರುವುದರಿಂದ ಅಪಾಯ ಆ ಸರಾಸರಿಗಿಂತ ಸ್ವಲ್ಪ ಮೇಲೇ ಇರುತ್ತದೆ. ದೊಡ್ಡ ಗಂಡಾಂತರ ಇರುವುದು ಆಪರೇಷನ್ ನಂತರದ ಮೊದಲ ಮೂರು ನಾಲ್ಕು ದಿನಗಳಲ್ಲಿ. ರಕ್ತ ಸಿಕ್ಕ ಕೂಡಲೇ ಸ್ನಾಯು ಎದ್ದು ನಿಲ್ಲುವುದಿಲ್ಲ. ಯಂತ್ರದಿಂದ ಹೊರಬಂದ ಹೃದಯ ಮೊದಲು ಇನ್ನೂ ಸೋತಂತೆ ಕಾಣುತ್ತದೆ. ಕೆಲವು ಮಕ್ಕಳಿಗೆ ಹೃದಯ ಚೇತರಿಸಿಕೊಳ್ಳುವವರೆಗೆ ಎಕ್ಮೊ ಎಂಬ ಯಂತ್ರದ ಆಸರೆ ಬೇಕಾಗುತ್ತದೆ. ಊತ ಇಳಿಯುವವರೆಗೆ ಎದೆಯನ್ನು ಪೂರ್ತಿ ಮುಚ್ಚದೆ ಒಂದೆರಡು ದಿನ ಬಿಟ್ಟಿರಬಹುದು. ಮೂತ್ರಪಿಂಡದ ಕೆಲಸ ನಿಧಾನವಾದರೆ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಬಹುದು. ರಕ್ತಸ್ರಾವ, ಸೋಂಕು, ಹೃದಯದ ಲಯ ತಪ್ಪುವುದು, ಅಪರೂಪಕ್ಕೆ ಮೆದುಳಿಗೆ ಪೆಟ್ಟು, ಇವೆಲ್ಲ ಇರುವ ಅಪಾಯಗಳೇ. ಐಸಿಯುವಿನ ಗಾಜಿನಾಚೆ ಅಷ್ಟು ನಳಿಕೆಗಳ ನಡುವೆ ಮೊಮ್ಮಗನನ್ನು ಕಂಡಾಗ ನಿಮ್ಮ ಎದೆ ಒಡೆಯುತ್ತದೆ. ಆ ನಳಿಕೆಗಳು ಬರುತ್ತವೆಂದು ಈಗಲೇ ಗೊತ್ತಿರಲಿ, ಮಗಳಿಗೂ ಹೇಳಿರಿ.

ಹೀಗಾಗಿ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ. ಈ ಆಪರೇಷನ್ನನ್ನು ಇಂಥ ಹಸುಗೂಸುಗಳಿಗೆ ಎಷ್ಟು ಸಲ ಮಾಡಿದ್ದೀರಿ, ಮಕ್ಕಳಿಗೇ ಪ್ರತ್ಯೇಕ ಹೃದಯ ಐಸಿಯು ಇದೆಯೇ, ಬೇಕಾದರೆ ಎಕ್ಮೊ ಇದೇ ಕಟ್ಟಡದಲ್ಲಿ ಸಿಗುತ್ತದೆಯೇ ಎಂದು ಕೇಳಿ. ಸಂಕೋಚ ಬೇಡ, ಒಳ್ಳೆಯ ಶಸ್ತ್ರಚಿಕಿತ್ಸಕರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಅಲ್ಕಾಪಾ ಅಪರೂಪವಾದ್ದರಿಂದ ಯಾರ ಕೈಯಲ್ಲೂ ದೊಡ್ಡ ಸಂಖ್ಯೆ ಇರುವುದಿಲ್ಲ. ಆದರೆ ಹಸುಗೂಸುಗಳ ಕರೋನರಿಯನ್ನು ಸ್ಥಳಾಂತರಿಸುವ ಕೆಲಸ ದೊಡ್ಡ ರಕ್ತನಾಳಗಳು ಅದಲುಬದಲಾದ ಮಕ್ಕಳಿಗೂ ಮಾಡಬೇಕಾಗುತ್ತದೆ. ಅದನ್ನು ನಿತ್ಯ ಮಾಡುವ ತಂಡಕ್ಕೆ ಇದು ಹೊಸದಲ್ಲ. ಹೊರದೇಶಕ್ಕೆ ಹೋಗಬೇಕಾಗಿಲ್ಲ.

ಜಮೀನು ಮಾರುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು, ಅಂದರೆ ಸರ್ಕಾರಿ ಯೋಜನೆಯ ನೆರವು ಪಡೆಯಲು ಸಹಾಯ ಮಾಡುವವರನ್ನು, ಕಾಣಿರಿ. ನಿಮ್ಮಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದ್ದು, ಹುಟ್ಟಾ ಹೃದಯದೋಷ ಅದರ ಪಟ್ಟಿಯಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅದರ ತಂಡವನ್ನು ವಿಚಾರಿಸಿ. ಕಾಗದಪತ್ರಗಳ ಓಡಾಟವನ್ನು ಅಳಿಯನಿಗೆ ವಹಿಸಿ, ಮಗು ಆಸ್ಪತ್ರೆಯಲ್ಲಿಯೇ ಇರಲಿ.

ಮೇಜಿಗೆ ಹೋಗುವವರೆಗೆ ಮಗುವನ್ನು ಬಹಳ ಹೊತ್ತು ಅಳಲು ಬಿಡಬೇಡಿ. ಒಂದೇ ಸಲ ಹೊಟ್ಟೆ ತುಂಬಿಸಲು ಹೋಗದೆ ಸ್ವಲ್ಪ ಸ್ವಲ್ಪವಾಗಿ ಹಾಲು ಕೊಡಿ, ಮೂಗಿನ ನಳಿಕೆಯಿಂದ ಕೊಡುತ್ತೇವೆಂದರೆ ಒಪ್ಪಿಕೊಳ್ಳಿ. ಉಸಿರಿನ ಕಷ್ಟ ಕಂಡು ಇನ್ನಷ್ಟು ಆಮ್ಲಜನಕ ಇಡಿ ಎಂದು ಒತ್ತಾಯಿಸಬೇಡಿ. ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಕೊಟ್ಟರೆ ಶ್ವಾಸಕೋಶದ ನಾಳಗಳು ಇನ್ನೂ ಸಡಿಲವಾಗಿ, ಹಳ್ಳದ ಮಟ್ಟ ಇನ್ನೂ ಇಳಿದು, ಸೋರಿಕೆ ಹೆಚ್ಚುತ್ತದೆ. ಎಷ್ಟು ಬೇಕೆಂಬುದನ್ನು ವೈದ್ಯರಿಗೇ ಬಿಡಿ.

ಮನೆಗೆ ಬಂದ ಮೇಲೆ ಎದೆಯ ಮೂಳೆ ಕೂಡಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತಬಾರದು. ಒಂದು ಕೈ ಕುತ್ತಿಗೆಯ ಅಡಿಗೆ, ಇನ್ನೊಂದು ಕುಂಡಿಯ ಅಡಿಗೆ ಕೊಟ್ಟು ಮೊರದಲ್ಲಿ ಎತ್ತಿದಂತೆ ಎತ್ತಬೇಕು. ನೋಡಲು ಬರುವ ನೆಂಟರಿಗೆ ಇದನ್ನು ಮೊದಲೇ ಹೇಳಿ. ಮೂತ್ರದ ಔಷಧಿ, ಹೃದಯದ ಹೊರೆ ಇಳಿಸುವ ಔಷಧಿ, ಆಸ್ಪಿರಿನ್ ಕೆಲವು ತಿಂಗಳು ಇರುತ್ತವೆ, ಮಗು ಲವಲವಿಕೆಯಿಂದಿದೆ ಎಂದು ನೀವಾಗಿ ನಿಲ್ಲಿಸಬೇಡಿ. ರಕ್ತ ಕೊಟ್ಟ ಮಕ್ಕಳಿಗೆ ದಡಾರದ ಲಸಿಕೆಯನ್ನು ಮುಂದೂಡಬೇಕಾಗಬಹುದು, ಲಸಿಕೆ ಕಾರ್ಡನ್ನು ಹೃದಯದ ವೈದ್ಯರಿಗೂ ತೋರಿಸಿ. ಪಂಪಿಂಗ್ ಬಹುಪಾಲು ಮಕ್ಕಳಲ್ಲಿ ಒಂದು ವರ್ಷದೊಳಗೆ ಸಹಜಕ್ಕೆ ಅಥವಾ ಅದರ ಹತ್ತಿರಕ್ಕೆ ಬರುತ್ತದೆ. ಮಗು ಶಾಲೆಗೆ ಹೋಗುತ್ತದೆ, ಓಡುತ್ತದೆ. ಹೊಲಿದ ಜಾಗ ಕಿರಿದಾಗಿದೆಯೇ, ಕವಾಟ ಹೇಗಿದೆ ಎಂದು ನೋಡಲು ವರ್ಷಕ್ಕೊಮ್ಮೆಯಾದರೂ ತಪಾಸಣೆ ಜೀವನಪೂರ್ತಿ ಬೇಕು. ಪಂದ್ಯದ ಆಟಗಳಿಗೆ ಇಳಿಯುವ ಮುನ್ನ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

ಜವಳದ ವಿಷಯ ಉಳಿಯಿತು. ಐದನೇ ತಿಂಗಳು ಬೇಡ. ಬೆಸ ತಿಂಗಳೇ ಆಗಬೇಕೆಂದರೆ ಒಂಬತ್ತೋ ಹನ್ನೊಂದೋ ಇದೆಯಲ್ಲ. ಅಷ್ಟರಲ್ಲಿ ಮೂಳೆ ಕೂಡಿರುತ್ತದೆ, ಮಗು ಸೋದರಮಾವನ ತೊಡೆಯ ಮೇಲೆ ತಾನೇ ಕೂರುವಷ್ಟು ಗಟ್ಟಿಯಾಗಿರುತ್ತದೆ. ಜಾತ್ರೆಯ ದಟ್ಟಣೆ ಇಲ್ಲದ ದಿನ ನೋಡಿ, ಹೊಸ ಬ್ಲೇಡು ಹಾಕಿಸಿ. ಆಸ್ಪಿರಿನ್ ಇನ್ನೂ ನಡೆಯುತ್ತಿದ್ದರೆ ಸಣ್ಣ ಗಾಯವಾದರೂ ರಕ್ತ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ, ಒಂದು ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ.